ಖಾಲಿ ಜಾಗಕ್ಕೂ ಸೀಸ

ತನ್ನ ಪದ್ಯದ ಕರಡಚ್ಚು ನೋಡಿದ್ದೇ ತಡ, ಕವಿ ಪೆನ್ರಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಮುದುಕ ಹಾಬ್ಡೆಯ ಕುತ್ತಿಗೆ ಹಿಡಿದು ಅಚ್ಚುಮೊಳೆಗಳ ಪೆಟ್ಟಿಗೆಗೆ ಅವನ ಮುಖ ಅಪ್ಪಳಿಸಿದ. ಮೊಳೆಗಳು ನೆಲಕ್ಕೆ ಚೆಲ್ಲಿದವು. ಹಾಬ್ಡೆಯ ತುಟಿ ಒಡೆದು ರಕ್ತ ಇಳಿಯಿತು.

“ಸಾಲಿನ ನಡುವೆ ನಾನು ಬಿಟ್ಟಿದ್ದ ಜಾಗ ಯಾಕೆ ಮುಚ್ಚಿದೆ?”

“ಕೈತಪ್ಪು ಅಂದ್ಕೊಂಡೆ ಸ್ವಾಮಿ. ನಲವತ್ತು ವರ್ಷದಿಂದ ಲಂಡನ್ನಿನ ಕವಿಗಳ ತಪ್ಪು ತಿದ್ತಿದ್ದೀನಿ. ಈಗಿನ ಕವಿಗಳು ನೀವು ಪ್ರಾಸನೂ ಹಾಕಲ್ಲ, ಚುಕ್ಕೆನೂ ಇಡಲ್ಲ. ತಪ್ಪು ಯಾವ್ದು, ಪದ್ಯ ಯಾವ್ದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಪೆನ್ರಿಯ ಮುಷ್ಟಿ ಮೇಲೆದ್ದಿತು. “ಯುದ್ಧದಲ್ಲಿ, ಕಂದಕದೊಳಗೆ ನನ್ನ ತಮ್ಮ ಪಕ್ಕದಲ್ಲೇ ಕೂತು ಮಾತಾಡ್ತಿದ್ದ. ಮಾತಿನ ನಡುವೆ ಶೆಲ್ ಬಿತ್ತು. ಆ ಜಾಗ ಅವನದು.”

ಹಾಬ್ಡೆ ತೋಳಿನಿಂದ ಬಾಯಿ ಒರೆಸಿಕೊಂಡು, ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಹೆಕ್ಕಿದ. “ಖಾಲಿ ಬಿಡಬೇಕಂದ್ರೂ ಅಲ್ಲಿ ಸೀಸ ಕೂರಿಸ್ಬೇಕು, ಮಗಾ. ಇಲ್ಲಾಂದ್ರೆ ಪಕ್ಕದ ಅಕ್ಷರ ನಿಲ್ಲಲ್ಲ. ಎಷ್ಟಗಲ ಬೇಕು?”

ಪೆನ್ರಿಯ ಮುಷ್ಟಿ ಬಿಚ್ಚಿತು. ಅವನು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದ, ಒಬ್ಬ ಹುಡುಗನ ಭುಜದಷ್ಟು ಅಗಲಕ್ಕೆ. ಪುಟ ಅಷ್ಟು ದೊಡ್ಡದಿರಲಿಲ್ಲ. ಹಾಬ್ಡೆ ಸಾಲಿನ ಕೊನೆಯವರೆಗೂ ಸೀಸ ಜೋಡಿಸಿದ.