ಗಾಡಿ ಹತ್ತುವ ದಾರಿ

ಅಕ್ಕನಿಗೆ ನಾನು ದಾರಿ ತೋರಿಸಲಿಲ್ಲ. ಶೀತಕ್ಕೆಂದು ಲಕ್ಕಿ ಸೊಪ್ಪು ಕುದಿಸಿದಾಗಲೆಲ್ಲ ಆ ಘಾಟಿನಲ್ಲಿ ಬುಕ್ಕಾಂಬುಧಿ ಕೆರೆಯ ಮಧ್ಯಾಹ್ನ ತೇಲಿಬರುತ್ತದೆ.

ಮನೆಮಂದಿಯೆಲ್ಲ ಕೆರೆಯ ಪಕ್ಕ ಡೇರೆ ಹಾಕಿಕೊಂಡು ಎರಡು ದಿನ ಉಳಿದಿದ್ದೆವು. ವೀಲ್‌ಚೇರಿನಲ್ಲಿ ಓಡಾಡುವ ಅಕ್ಕನಿಗೆ ಏರಿಯ ಮೇಲಿಂದ ನೀರಿನ ಫೋಟೊ ತೆಗೆಯುವ ಆಸೆ.

"ಕುರ್ಚಿ ಹತ್ತೋ ಜಾಗ ಐತಾ, ನೋಡ್ಕಂಡು ಬಾರೋ" ಎಂದು ಅಪ್ಪ ನನ್ನನ್ನು ಕಳಿಸಿದರು.

ಲಕ್ಕಿ ಗಿಡಗಳ ಹಿಂದೆ ಎತ್ತಿನಗಾಡಿ ಹತ್ತುವ ಇಳಿಜಾರು ಇತ್ತು. ಚಕ್ರ ಉರುಳಿ ಉರುಳಿ ಮಣ್ಣು ನುಣ್ಣಗಾಗಿತ್ತು. ಮೇಲೆ ನಿಂತರೆ ಮೋಡಗಳು ನೀರಿನೊಳಗೆ ನಿಧಾನವಾಗಿ ನಡೆಯುತ್ತಿದ್ದವು. ಆ ಚಿತ್ರ ನಾನೇ ತೆಗೆಯಬೇಕೆನಿಸಿತು.

"ಬರೀ ಮೆಟ್ಲು ಕಣಕ್ಕ" ಎಂದೆ.

ಅಕ್ಕ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದಳು. "ಹೋಗ್ಲಿ, ನನ್ ಪಾಲಿಂದೂ ನೀನೇ ನೋಡ್ಕಂಡ್ ಬಾ. ಬೆರಳು ಅಡ್ಡ ಇಟ್ಟೀಯ, ಕೋತಿ!"

ನಾನು ತೆಗೆದ ಫೋಟೊಗೆ ಅವಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅದರ ಮೂಲೆಯಲ್ಲಿ ಹುಲ್ಲಿನ ಗಾಡಿಯೊಂದು ಆ ಇಳಿಜಾರಿನಲ್ಲಿ ಏರಿಯನ್ನು ಹತ್ತುತ್ತಿತ್ತು. ಇಷ್ಟು ವರ್ಷ ಅಕ್ಕ ಅದರ ಮಾತೆತ್ತಲಿಲ್ಲ.

ಮೊನ್ನೆ ಆ ಗೋಡೆಯ ಮುಂದೆ ಅವಳ ಕುರ್ಚಿಯ ಪಕ್ಕ ಕುಳಿತೆ.

"ಅಕ್ಕ, ಅವತ್ತು ದಾರಿ ಇತ್ತು. ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು ಕಣಕ್ಕ."