ಅಪ್ಪ ಇನ್ನೂ ದಡ್ಡನಾಗಬೇಕು

'ಕಟ್' ಎಂದು ಕೂಗಿದವನು ನಿರ್ದೇಶಕ ಸುಭಾಸನಲ್ಲ. ಹುಡುಗಿಯ ಅಪ್ಪನ ಪಾರ್ಟು ಮಾಡುತ್ತಿದ್ದ ಬಸಂತರಾಯ.

ಮದುಮಗನ ವೇಷದಲ್ಲಿದ್ದ ಚೇತನಕುಮಾರ ಅಂಟಿಸಿಕೊಂಡ ಗಡ್ಡ ಬೆವರಿಗೆ ಒಂದು ಕಡೆ ಬಿಚ್ಚಿಕೊಂಡಿತ್ತು. ಮುದುಕನಿಗೆ ಕಂಡಿತೇನೋ! ಬಾಸಿಂಗದ ಎಳೆಗಳನ್ನು ಮುಖದ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದ.

"ಈ ಕಥಿ ನೆಟ್ಟಗಿಲ್ಲ," ಎಂದ ಬಸಂತರಾಯ, ಮೀಸೆ ತಿರುವುತ್ತ. "ಅಪ್ಪ ಇನ್ನೂ ದಡ್ಡ ಆಗಬೇಕು."

ಆಗಲಿ ಎಂದು ಸುಭಾಸ ತಲೆಯಾಡಿಸಿದ. ಚೇತನನಿಗೆ ಹೋದ ಜೀವ ಬಂತು.

ಎಲ್ಲ ಶುರುವಾದದ್ದು ತುಪ್ಪದಿಂದ. ಮಸೂತಿ ಊರಿನ ಚೇತನ ಬಸವನ ಬಾಗೇವಾಡಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವನು. ಬಸಂತರಾಯ ಹೂವಿನ ಹಿಪ್ಪರಗಿಯ ಜಮೀನುದಾರ. ಅವನ ಮಗಳು ಶೈಲಶ್ರೀಯನ್ನು ಚೇತನ ಯಾರದೋ ಮದುವೆಯಲ್ಲಿ ಕಂಡ, ಅವಳೂ ಇವನನ್ನು ಕಂಡಳು, ಮುಗಿಯಿತು. ಅದೇ ಮದುವೆಯ ಊಟದಲ್ಲಿ ತುಪ್ಪ ಬಡಿಸಲು ನಿಂತಿದ್ದ ಚೇತನನ ಅಪ್ಪ ಸಿದ್ದಾರೂಢ, ಯಾವ ಲಹರಿಯಲ್ಲಿದ್ದನೋ, ಬಸಂತರಾಯನ ಎಲೆ ದಾಟಿ ಮುಂದೆ ಹೋಗಿಬಿಟ್ಟ. ಹೋಳಿಗೆ ಒಣಗಿಯೇ ಉಳಿಯಿತು. ಬಸಂತರಾಯ ಎಲೆ ಬಿಟ್ಟೆದ್ದು, ತುಂಬಿದ ಹಂದರದಲ್ಲಿ, ಅಣ್ಣ ಮಾಳಿಂಗನ ಎದುರು ಆಣೆ ಮಾಡಿದ: ತಿಳಿದೂ ತಿಳಿದೂ ಆ ಮನೆಯ ಸಂಬಂಧ ಮಾಡಿದರೆ ತನ್ನ ಮೀಸೆ ಬೋಳಿಸಬೇಕು.

ಮುದ್ದೇಬಿಹಾಳದ ಮಾಳಿಂಗ ಇಂಥವನ್ನು ಮರೆಯುವ ಆಸಾಮಿಯಲ್ಲ. ಪ್ರೇಮದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಇಂಡಿ ಊರಿನಲ್ಲಿ ಒಂದು ಗಂಡು ಗೊತ್ತುಮಾಡಿದ. ಹುಣ್ಣಿಮೆ ಕಳೆದ ಮೇಲೆ ನಿಶ್ಚಯ. ಶೈಲಶ್ರೀ ಅಡಿಗೆಮನೆ ಸೇರಿ ಅತ್ತಳು, ಅವಳ ತಾಯಿ ಸಿದ್ದಲಿಂಗವ್ವನೂ ಅತ್ತಳು. ಬಸಂತರಾಯ ಕಟ್ಟೆಯ ಮೇಲೆ ಕೂತು ಮೀಸೆ ಸವರಿಕೊಂಡ.

ಹೀಗಿರುವಾಗ ಸಿಂದಗಿಯ ಸುಭಾಸ ತಾನಾಗಿಯೇ ಚೇತನನ ಅಂಗಡಿಗೆ ಬಂದ. ಮದುವೆಯ ವಿಡಿಯೋ ತೆಗೆಯುವುದು ಅವನ ಕಸುಬು. ತುಪ್ಪದ ಜಗಳವಾದ ಮದುವೆಯ ವಿಡಿಯೋದಲ್ಲಿ ಮದುಮಕ್ಕಳಿಗಿಂತ ಚೇತನ, ಶೈಲಶ್ರೀಯರೇ ಹೆಚ್ಚು ಸಿಕ್ಕಿದ್ದರಂತೆ. ಈಗ ತಾನೊಂದು ಹಾಸ್ಯದ ಸಿನಿಮಾ ಮಾಡುತ್ತಿದ್ದೇನೆ ಎಂದ. ಇಂಟರ್ವಲ್ ತನಕ ಹಟಮಾರಿ ಅಪ್ಪ ಹಾರಾಡುತ್ತಾನೆ, ಆಮೇಲೆ ಮೋಸ ಹೋಗುತ್ತಾನೆ, ಕ್ಲೈಮ್ಯಾಕ್ಸಿನಲ್ಲಿ ಮಗಳಿಗೆ ತಾಳಿ ಬೀಳುತ್ತದೆ. ಬಸಂತರಾಯನನ್ನೇ ಅಪ್ಪನ ಪಾರ್ಟಿಗೆ ಕರೆಯೋಣ, ನೀನು ವೇಷ ಹಾಕಿಕೊಂಡು ಬಂದು ನಿಜವಾದ ತಾಳಿಯನ್ನೇ ಕಟ್ಟಿಬಿಡು ಎಂದ. ಖರ್ಚಿಗೆ ನಿರ್ಮಾಪಕರಿದ್ದಾರೆ, ದೊಡ್ಡ ಮನುಷ್ಯರು, ಹೆಸರು ಹೊರಗೆ ಬರಬಾರದು ಅಂದಿದ್ದಾರೆ. ಚೇತನ ಹೆಸರು ಕೇಳುವ ಗೋಜಿಗೇ ಹೋಗಲಿಲ್ಲ.

ಹುಡುಗಿಯನ್ನು ಹಂದರಕ್ಕೆ ತರುವುದು ಹೇಗೆ ಎಂಬುದೊಂದೇ ಚಿಂತೆಯಾಗಿತ್ತು. ಅದನ್ನೂ ಬಸಂತರಾಯನೇ ಬಗೆಹರಿಸಿದ. ತಾನು ಅಪ್ಪನಾದರೆ ಮಗಳ ಪಾರ್ಟು ತನ್ನ ಮಗಳದೇ, ಕಂಡವರ ಹುಡುಗಿಗೆ ಧಾರೆ ಎರೆಯುವವನಲ್ಲ ಎಂದ. ಶೈಲಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು.

ಅಲ್ಲಿಂದ ಮುದುಕನಿಗೆ ಬಣ್ಣದ ಹುಚ್ಚು ನೆತ್ತಿಗೇರಿತು. ಅಮಾವಾಸ್ಯೆಯ ದಿನ ತೆಗೆದ ಸಿನಿಮಾ ಓಡುವುದಿಲ್ಲ ಎಂದು ಶೂಟಿಂಗನ್ನು ಒಳ್ಳೆಯ ಮುಹೂರ್ತಕ್ಕೆ ಸರಿಸಿದ. ವೇಷದ ಅಯ್ಯನವರು ಬೇಡ, ಮಂತ್ರ ತಪ್ಪುತ್ತದೆ ಎಂದು ಮಠದ ಅಯ್ಯನವರನ್ನೇ ಕರೆಸಿದ. ಮೋಸ ಹೋದವನನ್ನು ನೋಡಿ ಮರುಗುವವನೊಬ್ಬ ಕಥೆಗೆ ಬೇಕೇಬೇಕು ಎಂದು ಮಾಳಿಂಗನನ್ನು ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಒಂದೊಂದು ಬೇಡಿಕೆ ಬಂದಾಗಲೂ ಚೇತನ ಸುಭಾಸನ ಮುಖ ನೋಡುತ್ತಿದ್ದ. ಈಗ ಸಿಕ್ಕಿಬಿದ್ದರೆ ಶೈಲಶ್ರೀ ಇಂಡಿಗೆ ಹೋದಂತೆಯೇ.

ಸಿದ್ದಾರೂಢ ಮಗನ ಮದುವೆ ಕಣ್ಣಾರೆ ನೋಡಬೇಕೆಂದು ಮುಖಕ್ಕೆ ಟವೆಲ್ ಸುತ್ತಿ ಅಡಿಗೆಯವರ ನಡುವೆ ಅಡಗಿದ್ದ. ಬಸಂತರಾಯನ ಕಣ್ಣು ಅಲ್ಲಿಗೇ ಹೋಗಬೇಕೆ?

"ಅಂವಾ ಟವೆಲ್ಲಿನವ ಬಂದು ನನ್ನ ಎಲಿಗೆ ತುಪ್ಪ ಹಾಕೋದೊಂದು ಸೀನ್ ಇರಲಿ," ಎಂದ. ಊಟ ತಾಳಿಗಿಂತ ಮೊದಲು ಹೇಗೆ ಎಂದು ಸುಭಾಸ ಕೇಳಿದ್ದಕ್ಕೆ, ಸಿನಿಮಾದಲ್ಲಿ ಎಲ್ಲ ಹಿಂದುಮುಂದಾಗಿಯೇ ತೆಗೆಯುತ್ತಾರೆ ಎಂದು ಅವನಿಗೇ ಪಾಠ ಹೇಳಿದ. ಸಿದ್ದಾರೂಢ ಮುಖ ಅತ್ತ ಮಾಡಿಕೊಂಡೇ ಸುರಿದದ್ದಕ್ಕೆ ತುಪ್ಪ ಎಲೆಯಿಂದ ಹೊರಗೆ ಹರಿಯಿತು. ಬಸಂತರಾಯ ಕಣ್ಣು ಮುಚ್ಚಿ ಹೋಳಿಗೆ ತಿಂದ. ಒಂದು ಟೇಕ್ ಸಾಲದೆಂದು ಇನ್ನೊಮ್ಮೆ ಹಾಕಿಸಿಕೊಂಡ.

ಕೊನೆಗೂ ಮಂತ್ರವಾಯಿತು. ಚೇತನ ತಾಳಿ ಕಟ್ಟಿದ. ಅಕ್ಕಿಕಾಳು ಬಿದ್ದವು. ಗಡ್ಡವೂ ಬಿತ್ತು.

ಮದುಮಗ ಸಿದ್ದಾರೂಢನ ಮಗ ಎಂದು ಹಂದರವೆಲ್ಲ ಗುರುತು ಹಿಡಿಯಿತು. ಬಸಂತರಾಯ ಎದೆ ಎದೆ ಬಡಿದುಕೊಂಡು ನೆಲಕ್ಕೆ ಕುಸಿದ. ಮೋಸ ಹೋದೆ, ಕೆಟ್ಟೆ, ಇನ್ನು ಮೀಸೆ ಹೊತ್ತು ಹೇಗೆ ತಿರುಗಲಿ ಎಂದು ಒಂದೇ ಸಮ ಗೋಳಾಡಿದ. ನಡುವೆ ಒಮ್ಮೆ ಕ್ಯಾಮೆರಾ ಎತ್ತ ತಿರುಗಿದೆ ಎಂದು ನೋಡಿದ. ಮಾಳಿಂಗನಂಥ ಮಾಳಿಂಗನ ಕಣ್ಣಲ್ಲೂ ನೀರು ಬಂತು. ತಮ್ಮನ ತೋಳು ಹಿಡಿದೆತ್ತಿ ಎಲ್ಲರೂ ಕೇಳುವಂತೆ ಹೇಳಿದ:

"ತಿಳೀಲಾರದ ಆದದ್ದಕ್ಕ ಆಣಿ ಮುರಿಯಂಗಿಲ್ಲೋ ತಮ್ಮಾ. ಮೀಸಿ ಇರಲಿ."

ಚೇತನ ಓಡಿ ಹೋಗಿ ಮಾವನ ಕಾಲು ಹಿಡಿದ. ಅಂದು ಅವನು ಹಿಡಿದ ಕಾಲು ಅದೊಂದೇ. ಬಸಂತರಾಯ ಮುಖ ಅತ್ತ ತಿರುಗಿಸಿದ, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ.

ಸಂಜೆ ಹಂದರ ಖಾಲಿಯಾಯಿತು. ಶೈಲಶ್ರೀ ಮದುವೆಯ ಸಂಭ್ರಮದಲ್ಲಿದ್ದಳು, ಚೇತನನಿಗೆ ಮಾತ್ರ ಸಮಾಧಾನವಿಲ್ಲ. ಏನೂ ಅರಿಯದ ಮುದುಕನನ್ನು ಊರ ಮುಂದೆ ಮಂಗ ಮಾಡಿದೆನಲ್ಲ ಎಂದು ಒಳಗೇ ಬೇಯುತ್ತಿದ್ದ. ವೈರು ಸುತ್ತುತ್ತಿದ್ದ ಸುಭಾಸನ ಹತ್ತಿರ ಹೋಗಿ, ಮಾವನಿಗಂತೂ ಮುಖ ತೋರಿಸಲಾರೆ, ಇಷ್ಟೆಲ್ಲ ಖರ್ಚು ಹಾಕಿದ ನಿರ್ಮಾಪಕರ ಹತ್ತಿರವಾದರೂ ಕರೆದುಕೊಂಡು ಹೋಗು, ಅವರ ಕಾಲಿಗೆ ಬೀಳಬೇಕು ಎಂದ.

"ಮತ್ತೆಷ್ಟು ಸಲ ಬೀಳ್ತೀಯೋ?" ಎಂದ ಸುಭಾಸ, ವೈರಿನಿಂದ ತಲೆಯೆತ್ತದೆ. "ಮುಂಜಾನೆ ಹಂದರದಾಗ ಬಿದ್ದೀಯಲ್ಲ, ಸಾಕು."