ಏಳನೆಯ ದಿನದ ಉದಾಹರಣೆ

“ಪುಟ ನಲವತ್ತೆರಡು. ಅಳಿವು,” ಎಂದು ಮಗಳು ಓದಿದಳು. “ಪ್ರತಿಫಲ ಸಿಗದೆ ಹೋದಾಗ ಕಲಿತ ವರ್ತನೆ ಕ್ರಮೇಣ ನಿಂತುಹೋಗುವುದಕ್ಕೆ ಅಳಿವು ಎಂದು ಹೆಸರು.”

ಮೇಷ್ಟ್ರು ಕುರ್ಚಿಗೊರಗಿ ತಲೆಯಾಡಿಸಿದರು. ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತೇ ದಿನವಾಗಿತ್ತು, ಓದುವಂತಿರಲಿಲ್ಲ. ಮನೋವಿಜ್ಞಾನದ ಪದಗಳನ್ನು ವಿವರಿಸುವ ಅವರ ಪಠ್ಯಪುಸ್ತಕ ಆರನೆಯ ಸಲ ಅಚ್ಚಿಗೆ ಹೋಗುವುದರಲ್ಲಿತ್ತು. ಕರಡು ತಿದ್ದಿಕೊಡಿ ಎಂದು ಮಗಳಿಗೆ ಫೋನ್ ಮಾಡಿದವರು ಮುದ್ರಣಾಲಯದವರು. ಅವಳು ಎರಡು ಬಸ್ಸು ಬದಲಿಸಿ ಬಂದಿದ್ದಳು, ಬಂದವಳೇ ಕೆಂಪು ಪೆನ್ನು ತೆಗೆದು ಕೂತಿದ್ದಳು.

“ಉದಾಹರಣೆ. ಆರು ವರ್ಷದ ಮಗುವೊಂದು ತಂದೆಯ ಓದುವ ಕೋಣೆಯ ಬಾಗಿಲು ತಟ್ಟಿ ಕರೆಯುತ್ತಿತ್ತು. ತಂದೆ ಬಾಗಿಲು ತೆರೆಯುವುದನ್ನು ನಿಲ್ಲಿಸಿದರು. ಮೊದಲ ದಿನ ಮಗು ಮೂವತ್ತೊಂದು ಸಲ ತಟ್ಟಿತು. ಮೂರನೆಯ ದಿನ ಹನ್ನೆರಡು ಸಲ. ಏಳನೆಯ ದಿನ ತಟ್ಟಲೇ ಇಲ್ಲ. ಪ್ರಯೋಗ ಯಶಸ್ವಿಯಾಯಿತು.”

ಅವಳು ಸಾಮಾನಿನ ಚೀಟಿ ಓದಿದಷ್ಟೇ ಸಲೀಸಾಗಿ ಓದಿ ಮುಗಿಸಿದಳು. ಪುಸ್ತಕದ ತುಂಬ ಬರುವ ಆ ‘ಮಗುವೊಂದು’ ಅವಳೇ. ಭಯಕ್ಕೆ ಉದಾಹರಣೆ ಅವಳು ಪಕ್ಕದ ಮನೆ ನಾಯಿ ಕಂಡು ಓಡಿದ್ದು, ಮರೆವಿಗೆ ಅವಳು ಏಳರ ಮಗ್ಗಿ ತಪ್ಪಿದ್ದು. ಹುಡುಗಿ ಸೀನಿದರೂ ಮೇಷ್ಟ್ರಿಗೆ ಒಂದು ಅಧ್ಯಾಯವಾಗುತ್ತದೆ ಎಂದು ಸಹೋದ್ಯೋಗಿಗಳು ಕಾಲೆಳೆದರೆ ಮೇಷ್ಟ್ರಿಗೂ ಒಳಗೊಳಗೇ ಖುಷಿ. ಅದರಲ್ಲೂ ಈ ಬಾಗಿಲಿನ ಉದಾಹರಣೆಯೆಂದರೆ ಬಲು ಹೆಮ್ಮೆ. ಮೂವತ್ತು ವರ್ಷ ಅದನ್ನು ಪಾಠ ಮಾಡಿದ್ದರು. ಇವತ್ತು ಅದನ್ನು ಆ ಮಗುವಿನ ಬಾಯಿಂದಲೇ ಕೇಳಿದರು.

“ನಿಂಗೆ ನೆನಪಿದೆಯೇನಮ್ಮ?”

“ಸ್ವಲ್ಪ. ಬಾಗಿಲ ಸಂದಿಯಲ್ಲಿ ನಿಮ್ಮ ಕಾಲು ಕಾಣ್ತಿತ್ತು. ಒಂದಿನ ಹಲ್ಲು ಬಿದ್ದಿತ್ತು, ತೋರಿಸೋಣ ಅಂತ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ.”

ಅದು ಎಷ್ಟನೆಯ ದಿನ ಎಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಒಂದು ಹಾಳೆ ಜಾರಿ ಬಿತ್ತು. ಎತ್ತಲು ಬಗ್ಗಿದ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನೆಟ್ಟಗಾದಳು. ಏನಾಯಿತೆಂದು ಕೇಳಿದರೆ, ಎರಡು ತಿಂಗಳ ಹಿಂದೆ ಆಪರೇಷನ್ ಆಗಿತ್ತು, ಬಗ್ಗಿದರೆ ಇನ್ನೂ ಎಳೆಯುತ್ತದೆ ಎಂದಳು. ಎಂಟು ದಿನ ಆಸ್ಪತ್ರೆಯಲ್ಲಿದ್ದಳಂತೆ. ಅವಳ ಪಕ್ಕದ ಮನೆಯಾಕೆ ನೋಡಿಕೊಂಡಳಂತೆ.

“ನಂಗೆ ಒಂದು ಮಾತು ಹೇಳಬಾರದಿತ್ತಾ?”

ಅವಳು ನಿಜಕ್ಕೂ ಯೋಚಿಸಿದಳು. “ಹೇಳಬೇಕು ಅಂತ ಹೊಳೀಲೇ ಇಲ್ಲಪ್ಪ.”

ದನಿಯಲ್ಲಿ ಮುನಿಸಿರಲಿಲ್ಲ, ಚುಚ್ಚುಮಾತೂ ಅಲ್ಲ. ಕೋಪವಾಗಿದ್ದರೆ ಮೇಷ್ಟ್ರು ಹೇಗೋ ತಾಳಿಕೊಳ್ಳುತ್ತಿದ್ದರು, ಕೋಪದ ಬಗ್ಗೆ ಹದಿನೆಂಟು ಪುಟ ಬರೆದವರು. ಇದಕ್ಕೆ ಏನೆನ್ನುತ್ತಾರೆಂದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಪದ ಈಗಷ್ಟೇ ಅವಳು ಓದಿದ್ದಳು. ಎದ್ದು ಹೋಗಿ ಒಂದೇ ಒಂದು ಸಲ ಆ ಚಿಲಕ ತೆಗೆದಿದ್ದರೆ ಎಂದುಕೊಂಡರು.

ಆ ಕೊನೆಯ ವಾಕ್ಯ, ಪ್ರಯೋಗ ಯಶಸ್ವಿಯಾಯಿತು ಎನ್ನುವುದನ್ನು, ಹೊಡೆದುಹಾಕು ಎಂದರು. ಅವಳು ಯಾಕೆಂದು ಕೇಳದೆ ಗೆರೆ ಎಳೆದಳು.

“ಒಂದು ಸಾಲು ಖಾಲಿ ಉಳೀತಪ್ಪ. ಉದಾಹರಣೆ ಅರ್ಧಕ್ಕೆ ನಿಂತ ಹಾಗಿದೆ. ಅಲ್ಲಿ ಏನು ಬರೀಲಿ?”

ಮೇಷ್ಟ್ರು ಬಾಯಿ ತೆರೆದರು.

“ಅಪ್ಪ, ಏನು ಬರೀಲಿ?”

ಪೆನ್ನು ಹಿಡಿದು ಅವಳು ಸ್ವಲ್ಪ ಹೊತ್ತು ಕಾದಳು. ಮೂರನೆಯ ಸಲ ಕೇಳಲಿಲ್ಲ. ಪುಟ ತಿರುವಿ ಮುಂದಿನ ಪದ ಓದತೊಡಗಿದಳು.